ಮಾತು ಕಡಿಯುವ ಮುಚ್ಚಳ

ನಮ್ಮೂರಿನಲ್ಲಿ ದನಿಯನ್ನು ಮಡಿಕೆಯಲ್ಲಿ ಇಡುತ್ತಾರೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಬೇರೆ ಊರುಗಳಲ್ಲಿ ಉಪ್ಪಿನಕಾಯಿ ಇಡುವುದಿಲ್ಲವೇ, ಹಾಗೆ. ಹಾಲಿನವಳು ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಒಂದು ಕುಡಿಕೆಯೊಳಗೆ "ಇವತ್ತು ಅರ್ಧ ಲೀಟರ್ ಸಾಕಮ್ಮ" ಎಂದು ಹೇಳಿ, ಬಾಯಿಗೆ ಎಲೆ ಕಟ್ಟಿ, ಹೊಸ್ತಿಲ ಮೇಲಿಟ್ಟು ಹೋಗುತ್ತಾರೆ. ಅವಳು ಬಿಚ್ಚಿ ಕೇಳಿ, ಹಾಲು ಅಳೆದು ಅದೇ ಕುಡಿಕೆಗೆ ಹಾಕಿ ಹೋಗುತ್ತಾಳೆ. ಅತ್ತೆಗೆ ಹೇಳಲಾಗದ್ದನ್ನು ಸೊಸೆ ಕುಡಿಕೆಗೆ ಹೇಳಿ ಹಿತ್ತಿಲಿನಲ್ಲಿ ಒಡೆದು ಬರುವುದೂ ಉಂಟು. ನಿಯಮ ಒಂದೇ. ಬಾಯಿ ಬಿಚ್ಚಿದರೆ ದನಿ ಪೂರ್ತಿ ಹೊರಗೆ ಬರುತ್ತದೆ, ಒಂದು ಸಲ ಕೇಳುತ್ತದೆ, ಮುಗಿಯುತ್ತದೆ.

ಆದ್ದರಿಂದ ನಮ್ಮವರಿಗೆ ಕೇಳುವುದು ಗೊತ್ತಿತ್ತು. ಮುಖ್ಯವಾದ ಮಡಿಕೆ ಬಿಚ್ಚುವಾಗ ಕೈಕಾಲು ತೊಳೆದು, ಮನೆಯವರನ್ನೆಲ್ಲ ಕರೆದು, ಒಲೆ ಆರಿಸಿ ಕೂರುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಕಡೇ ಮಡಿಕೆ. ಕಾಯಿಲೆ ಬಿದ್ದವರು, ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದವರು, ಬಾಗಿಲು ಹಾಕಿಕೊಂಡು ಮನೆಯವರಿಗೆ ಹೇಳಬೇಕಾದ್ದನ್ನು ಅದರೊಳಗೆ ಹೇಳಿ ಮೇಣ ಹಚ್ಚಿಸುತ್ತಾರೆ. ಅವರು ಹೋದಮೇಲೆ, ಮನೆಯವರಿಗೆ ಯಾವಾಗ ಧೈರ್ಯ ಬರುತ್ತದೋ ಆವಾಗ ಬಿಚ್ಚುತ್ತಾರೆ. ಕೇಳಿ, ಅತ್ತು, ಮಡಿಕೆ ತೊಳೆದು, ಆ ದಿನವೇ ಅದರಲ್ಲಿ ಹಾಲಿಗೆ ಹೆಪ್ಪು ಹಾಕಬೇಕು. ಯಾಕೆ ಎಂದು ಕೇಳಿದರೆ ಖಾಲಿ ಮಡಿಕೆ ಮನೆಯಲ್ಲಿ ಇಡಬಾರದು ಎನ್ನುತ್ತಾರೆ. ಮೊಸರಿಗೆಂದು ಬೇರೆ ಮಡಿಕೆಯನ್ನೂ ಇಡುವುದಿಲ್ಲ. ನಮ್ಮೂರಿನ ಮೊಸರು ಚೆನ್ನಾಗಿರುತ್ತದೆ.

ನಾನು ಸೋಮಶೇಖರ, ಮುಚ್ಚಳ ಮಾಡುವವನು. ಇಂದುಧರಯ್ಯನವರ ಮುಚ್ಚಳದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತು ಮೆತ್ತಗೆ, ಬಟ್ಟೆ ಶುಭ್ರ, ಕೆಲಸಗಾರರ ಮಕ್ಕಳ ಹೆಸರೆಲ್ಲ ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಯಾರಾದರೂ ಕಾಫಿ ಕುಡಿಯುವಾಗ ಲೋಟವನ್ನು ಯಾವ ಕೈಯಲ್ಲಿ ಹಿಡಿಯುತ್ತಾರೆ ಎಂಬುದನ್ನೂ ಗಮನಿಸುತ್ತಿದ್ದರು. "ವಸ್ತು ಮಾಡೋದು ದೊಡ್ಡ ವಿಷಯ ಅಲ್ಲ ಸೋಮು, ಮನುಷ್ಯನನ್ನ ನೋಡಬೇಕು" ಎನ್ನುತ್ತಿದ್ದರು. ನನಗೆ ಆ ಮಾತು ಬಹಳ ಹಿಡಿಸಿತ್ತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೊಸ ಬಗೆಯ ಮಡಿಕೆಯಾಗಲಿ, ಮುಚ್ಚಳವಾಗಲಿ, ಮಾಡಿದವನು ಮೊದಲನೆಯದನ್ನು ತನ್ನ ಮನೆಯಲ್ಲಿ ಒಂದು ವರ್ಷ ಬಳಸಬೇಕು. ಆಮೇಲೆ ಊರಿಗೆ. ಒಮ್ಮೆ ಕಾರ್ಖಾನೆಯಲ್ಲಿ ಒಬ್ಬ ಬಣ್ಣದ ಮುಚ್ಚಳ ಮಾಡಿದ. ವರ್ಷ ಕಳೆಯುವ ಮೊದಲೇ ಅವನ ಹೆಂಡತಿಯ ತುಟಿ ಊದಿಕೊಂಡು ಆ ಬಣ್ಣ ಅಲ್ಲಿಗೇ ನಿಂತುಹೋಯಿತು. ಪದ್ಧತಿಗೆ ಅಷ್ಟೇ ಅರ್ಥ.

ನನ್ನ ಅಕ್ಕ ಹೇಮಾವತಿ ಬ್ಲೌಸು ಹೊಲಿಯುತ್ತಾಳೆ. ಭಾವ ರುದ್ರೇಶಪ್ಪ ಕೊಡೆ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡಾಗ ಮಗಳು ರೇವತಿಗೆ ಹದಿನಾಲ್ಕು ವರ್ಷ. ಭಾವ ಕಡೇ ಮಡಿಕೆ ಇಟ್ಟು ಹೋಗಿದ್ದರು. ಅಕ್ಕ ಅದನ್ನು ಮೂರು ವರ್ಷ ಬಿಚ್ಚಲೇ ಇಲ್ಲ. ಹೊಲಿಗೆ ಮೆಷಿನ್ನಿನ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡು ದಿನಾ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಇಡುವುದು. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ. "ಬಿಚ್ಚಿದ್ರೆ ಮುಗಿದುಹೋಗುತ್ತಲ್ಲೋ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಗಿಯದಂತೆ ಕೇಳಿಸಲು ಸಾಧ್ಯವೇ ಎಂದು ಯೋಚಿಸಿ ಯೋಚಿಸಿ, ಒಂದು ಮುಚ್ಚಳ ಮಾಡಿದೆ. ನಡುವೆ ಒಂದು ತೂತು, ತೂತಿಗೆ ಒಳಗಡೆಯಿಂದ ತೊಗಲಿನ ಪಟ್ಟಿ, ಮೇಲೆ ಎತ್ತಲು ಒಂದು ಗುಬುಟು. ಗುಬುಟು ಎತ್ತಿದರೆ ದನಿ ಬರುತ್ತದೆ. ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದೇವೆ ಎನ್ನುವುದರ ಮೇಲೆ, ಒಂದು ಮಾತಿನ ಹತ್ತಿರ ಬಂದಾಗ ಅದು ತಾನಾಗಿ ಬಿದ್ದು ಮುಚ್ಚಿಕೊಳ್ಳುತ್ತದೆ. ಮುಗಿಯದ ದನಿ ಖರ್ಚಾಗುವುದಿಲ್ಲ, ಹಿಂದಕ್ಕೆ ಹೋಗಿ ಮಡಿಕೆಯಲ್ಲೇ ಬೀಳುತ್ತದೆ. ಮತ್ತೆ ಎತ್ತಿದರೆ ಮತ್ತೆ ಮೊದಲಿನಿಂದ. ಕಡೆಯ ಮಾತು ಹೊರಗೆ ಬರುವವರೆಗೆ ಮಡಿಕೆ ಖಾಲಿಯಾಗದು. ಇದನ್ನು ನಾನು ಅಕ್ಕನ ಮೇಲಿನ ಪ್ರೀತಿಯಿಂದ ಮಾಡಿದೆ. ಈಗಲೂ ಹಾಗೆಯೇ ನಂಬಿದ್ದೇನೆ, ಅದರಿಂದ ಏನೂ ಬದಲಾಗುವುದಿಲ್ಲವಾದರೂ.

ಮೊದಲನೆಯದು ಮಾಡಿದವನ ಮನೆಗೆ ಹೋಗಬೇಕಲ್ಲ. ನಾನು ಒಂಟಿ, ನನ್ನ ಮನೆಯಲ್ಲಿ ಕಾದಿಟ್ಟ ದನಿ ಯಾವುದೂ ಇಲ್ಲ. ಅಕ್ಕನ ಮನೆ ನನ್ನ ಮನೆಯೇ ತಾನೆ ಎಂದುಕೊಂಡು ಅಲ್ಲಿಗೇ ಹಾಕಿದೆ. ಹಾಕುವುದೆಂದರೆ ಹಳೆಯ ಮಡಿಕೆಯ ಮೇಣ ಬಿಚ್ಚಿ, ಬಾಯಿಗೆ ಬಾಯಿ ಕೊಟ್ಟು, ದನಿಯನ್ನು ಹೊಸ ಮಡಿಕೆಗೆ ಸುರಿಯಬೇಕು. ಹೊರಗಿನ ಗಾಳಿ ತಾಗದ ದನಿ ಮುಗಿಯುವುದಿಲ್ಲ, ಆದರೆ ಸುರಿಯುವವನ ಕಿವಿಗೆ ಎಲ್ಲ ಕೇಳುತ್ತದೆ. ಕೇಳದೆ ಎಲ್ಲಿ ಕಡಿಯಬೇಕು ಎಂದು ಗೊತ್ತಾಗುವುದೂ ಇಲ್ಲ. ಕೇಳಿದ್ದನ್ನು ಯಾರಿಗೂ ಹೇಳಬಾರದು ಎಂಬುದು ಕಸುಬಿನ ಆಣೆ. ಭಾವನ ದನಿಯನ್ನು ನಾನು ಪೂರ್ತಿ ಕೇಳಿದೆ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಇರಲಿಲ್ಲ.

ಅಕ್ಕ ಮೊದಲ ಸಲ ಗುಬುಟು ಎತ್ತಿದಾಗ ನಾನು ಎದುರಿಗೇ ಕೂತಿದ್ದೆ. "ಹೇಮಾ, ಕೇಳಿಸ್ತಿದೆಯಾ? ನಂಗೆ ಮಡಿಕೆ ಜೊತೆ ಮಾತಾಡೋಕೆ ಬರಲ್ಲ ಕಣೆ" ಎಂದರು ಭಾವ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು. ಮೂರು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆ ಹೊತ್ತು ನನಗೆ ಎಷ್ಟು ಸಂತೋಷವಾಯಿತು ಎಂದರೆ, ಮರುದಿನ ಬೆಳಗಾಗುತ್ತಲೇ ಇಂದುಧರಯ್ಯನವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ. "ಎಷ್ಟು ಸಲ ಎತ್ತಿದ್ರು?"

"ಎರಡು ಸಲ. ಆಮೇಲೆ ಎದ್ದು ಸಾರಿಗೆ ಇಟ್ರು."

"ಎಲ್ಲಿ ಕಡಿದಿದ್ದೆ?"

"ಒಂದು ವಾಕ್ಯ ಮುಗಿಯೋ ಕಡೆ."

"ಹ್ಞೂಂ," ಎಂದರು. "ವಾಕ್ಯ ಮುಗಿದ್ರೆ ಮನಸ್ಸು ತುಂಬುತ್ತೆ. ತುಂಬಿದವರು ಏಳ್ತಾರೆ. ಸ್ವಲ್ಪ ಮುಂದೆ ಕಡಿದು ನೋಡು."

ಹೀಗೆ ನನ್ನ ಹೊಸ ಕೆಲಸ ಶುರುವಾಯಿತು. ದಿನಾ ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ, ಪಟ್ಟಿಯನ್ನು ಒಂದಿಷ್ಟು ಬಿಗಿ ಮಾಡುವುದು, ಒಂದಿಷ್ಟು ಸಡಿಲ ಮಾಡುವುದು, ಕೂತು ಅವಳ ಮುಖ ನೋಡುವುದು, ಬಂದು ಇಂದುಧರಯ್ಯನವರಿಗೆ ಹೇಳುವುದು. ವಾಕ್ಯದ ನಡುವೆ ಕಡಿದರೆ ಅವಳು ಮತ್ತೆ ಎತ್ತುತ್ತಿದ್ದಳು. ಪ್ರತಿಸಲ ಒಂದೇ ಕಡೆ ಕಡಿದರೆ ಬೇಸರ ಬರುತ್ತಿತ್ತು. ಪಟ್ಟಿಯನ್ನು ಓರೆಯಾಗಿ ಕಟ್ಟಿ, ಒಮ್ಮೆ ಎರಡು ಮಾತು ಹೆಚ್ಚು, ಒಮ್ಮೆ ಬರೀ ಉಸಿರು, ಒಮ್ಮೆ ಏನೂ ಇಲ್ಲ ಎಂದಾದರೆ ಬೇಸರವೇ ಬರುತ್ತಿರಲಿಲ್ಲ. ಏನೂ ಬರದಿದ್ದಾಗ ಕೈ ಇನ್ನೂ ಬೇಗ ಗುಬುಟಿಗೆ ಹೋಗುತ್ತಿತ್ತು. ಇದನ್ನು ಕಂಡುಹಿಡಿದ ದಿನ ನಾನು ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಬಂದೆ, ಸುಳ್ಳು ಯಾಕೆ ಹೇಳಲಿ. ಅಕ್ಕ ನನ್ನನ್ನು ತಮ್ಮ ಎಂದುಕೊಂಡು ಎದುರಿಗೆ ಕೂರಿಸಿಕೊಂಡು ಅಳುತ್ತಿದ್ದಳು. ನಾನು ಅವಳ ಬೆರಳು ನೋಡುತ್ತಿದ್ದೆ.

ಕೊನೆಗೆ ಸರಿಯಾದ ಜಾಗ ಸಿಕ್ಕಿತು. ಭಾವನ ಮಾತಿನ ನಡುವೆ ಹೀಗೆ ಬರುತ್ತದೆ. "ಮದುವೆಗೆ ಮುಂಚೆ ನಮ್ಮನೆ ನೋಡೋಕೆ ಬಂದ ದಿನ ನೀನು ಬಸ್ಸಿಂದ ಇಳಿದ್ಯಲ್ಲ, ಆವಾಗ ನಿಂಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ಇಷ್ಟು ವರ್ಷ ಆದ್ರೂ ಹೇಳ್ಲಿಲ್ಲ. ಏನಂದ್ರೆ..." ಅಲ್ಲಿ ಕಡಿದೆ. ಇಂದುಧರಯ್ಯನವರು ಕೇಳಿ, ಎದ್ದು ಬಂದು ನನ್ನ ಭುಜ ತಟ್ಟಿದರು.

ವರ್ಷ ತುಂಬುವವರೆಗೆ ಅವರು ಕಾಯಲಿಲ್ಲ. ಮೂರೇ ತಿಂಗಳಿಗೆ ಮುಚ್ಚಳ ಊರಿಗೆ ಬಂತು. ಮೊದಲ ದಿನವೇ ಕಾರ್ಖಾನೆಯ ಮುಂದಿನ ಸಾಲು ಬಾವಿಕಟ್ಟೆ ದಾಟಿ ಹೋಯಿತು. ಎಲ್ಲರ ಮನೆಯಲ್ಲೂ ಬಿಚ್ಚಲು ಧೈರ್ಯವಿಲ್ಲದ ಒಂದು ಮಡಿಕೆ ಇತ್ತು. ನಾನು ಸುರಿದೆ, ಕೇಳಿದೆ, ಕಡಿದೆ. ಪಟ್ಟಿ ಸವೆದರೆ ಹೊಸದು ಕಟ್ಟಿಸಲು ಮತ್ತೆ ಬರುತ್ತಿದ್ದರು, ಬೇಗ ಬೇಗ ಬರುತ್ತಿದ್ದರು.

ಊರು ಬದಲಾದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಸಂಜೆಯ ಜಗಲಿ ಮಾತು ಕಡಿಮೆಯಾಯಿತು. ಕ್ಷೌರದಂಗಡಿಯ ಮರಿಸ್ವಾಮಿ ಅರ್ಧ ಗಡ್ಡ ಕೆರೆದು, "ಒಂದ್ನಿಮಿಷ ಇರಿ ಸ್ವಾಮಿ" ಎಂದು ಒಳಗೆ ಹೋದವನು ಸೋಪು ಒಣಗಿದರೂ ಬರುತ್ತಿರಲಿಲ್ಲ. ಮೇಷ್ಟರು ತರಗತಿಗೆ ಮಡಿಕೆ ತರತೊಡಗಿದರು. ಮಕ್ಕಳು ಸುಮ್ಮನೆ ಕೂತಿರುವುದನ್ನು ನೋಡಿ ಊರವರು ಶಿಸ್ತು ಎಂದುಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ, ಮೊಸರು ಸಿಗುವುದು ನಿಂತಿತು. ಹೆಪ್ಪು ಹಾಕಲು ಯಾವ ಮನೆಯಲ್ಲೂ ಮಡಿಕೆ ಖಾಲಿಯಾಗುತ್ತಿರಲಿಲ್ಲ. ಜನ ಪಕ್ಕದ ಊರಿನಿಂದ ಮೊಸರು ತರಿಸಿ, ಹುಳಿ ಎಂದು ಬೈದುಕೊಂಡು ತಿಂದರು.

ನನಗೆ ಒಂದು ಥರ ಕಸಿವಿಸಿಯಾದದ್ದು ನಿಜ. ಇಂದುಧರಯ್ಯನವರಿಗೆ ಹೇಳಿದೆ. ಅವರು ತಕ್ಷಣ ಒಪ್ಪಿಕೊಂಡರು, ಅದೇ ಅವರ ಗುಣ. ಹತ್ತು ಸಲ ಎತ್ತಿದ ಮೇಲೆ ಟಿಣ್ ಎನ್ನುವ ಒಂದು ಗೆಜ್ಜೆಯನ್ನು ಗುಬುಟಿಗೆ ಸೇರಿಸಿದೆವು. ವಾರದೊಳಗೆ ಊರವರೆಲ್ಲ ಹೆಬ್ಬೆರಳಿನಿಂದ ಗೆಜ್ಜೆ ಒತ್ತಿಹಿಡಿದು ತೋರುಬೆರಳಿನಿಂದ ಎತ್ತುವುದನ್ನು ಕಲಿತರು. ಆಮೇಲೆ "ಮಿತವಾಗಿ ಕೇಳಿ" ಎಂದು ಮಡಿಕೆಯ ಮೇಲೆ ಬರೆಸೋಣ ಎಂದೆ. ಅದಕ್ಕೂ ಒಪ್ಪಿದರು. ಅಂದವಾಗಿ ಬರೆಸಿದರು, ಮಡಿಕೆಯ ತಳದಲ್ಲಿ.

ಹೀಗೆ ಎರಡು ವರ್ಷ ಕಳೆಯಿತು. ಯುಗಾದಿ ಕಳೆದು ಒಂದು ತಿಂಗಳಾಗಿರಬಹುದು, ಒಂದು ಬೆಳಿಗ್ಗೆ ರೇವತಿ ಕಾರ್ಖಾನೆಗೆ ಬಂದಳು. ಆಗ ಅವಳಿಗೆ ಹತ್ತೊಂಬತ್ತು. ಭಾವನದೇ ಅಗಲ ಹಣೆ, ಅವರಂತೆಯೇ ಮಾತು ಕಡಿಮೆ. ಕೈಯಲ್ಲಿ ಒಂದು ಪುಟ್ಟ ಕುಡಿಕೆ ಇತ್ತು, ಬಾಯಿಗೆ ಗೋಧಿಹಿಟ್ಟು ಮೆತ್ತಿದ್ದಳು.

"ಮಾವ, ಇದಕ್ಕೆ ನಿಮ್ಮ ಮುಚ್ಚಳ ಹಾಕಿಕೊಡಿ," ಎಂದಳು.

"ಯಾರ ದನೀನೇ ಇದು?"

"ನಂದು."

ನನಗೆ ಅರ್ಥವಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು, ಏನೋ ಅಂಗಡಿ ಸಾಮಾನಿನ ವಿಷಯ ಹೇಳುವಂತೆ ಹೇಳಿದಳು. "ಅಮ್ಮ ನಾನು ಬಾಯಲ್ಲಿ ಹೇಳಿದ್ದು ಕೇಳಿಸ್ಕೊಳಲ್ಲ. ಅರ್ಧ ಹೇಳೋಷ್ಟರಲ್ಲಿ 'ಒಂದ್ನಿಮಿಷ ಇರು ಮಗೂ' ಅಂತಾರೆ. ಮಡಿಕೆದಾದ್ರೆ ಕೇಳ್ತಾರಲ್ಲ ಅಂತ ಇದಕ್ಕೆ ಹೇಳಿ ಮೆಷಿನ್ ಮೇಲಿಟ್ಟೆ. ಅದನ್ನೂ ಬಿಚ್ಚಲಿಲ್ಲ. 'ಬಿಚ್ಚಿದ್ರೆ ನಿನ್ನ ದನಿ ಮುಗಿದುಹೋಗುತ್ತಲ್ಲೇ, ಮಾವನ ಹತ್ರ ಮುಚ್ಚಳ ಹಾಕಿಸ್ಕೊಂಡು ಬಾ, ನಿಧಾನಕ್ಕೆ ಕೇಳ್ತೀನಿ' ಅಂದ್ರು."

"ನೀನು ಎದುರಿಗೇ ಇದ್ದೀಯಲ್ಲ!"

"ಅದನ್ನ ನಿಮ್ಮಕ್ಕಂಗೆ ಹೇಳಿ. ಸುರೀರಿ ಮಾವ. ಎಲ್ಲಿ ಕಡೀತೀರಿ, ನಾನೂ ನೋಡ್ತೀನಿ."

ಹಿಟ್ಟು ಕಿತ್ತೆ. ಹೊಸ ಕುಡಿಕೆಯ ಬಾಯಿಗೆ ಬಾಯಿ ಕೊಟ್ಟು ಸುರಿದೆ. ಒಳಗಿನಿಂದ ಅವಳ ದನಿ ಬಂತು. "ಅಮ್ಮಾ, ಕೈ ಸುಟ್ಕೊಂಡೆ."

ಇನ್ನೂ ಏನಾದರೂ ಬರುತ್ತದೆ ಎಂದು ಹಿಡಿದುಕೊಂಡೇ ಇದ್ದೆ. ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ," ಎಂದು ರೇವತಿ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಮುಂಗೈವರೆಗೆ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು. ವಾಸಿಯಾಗಿ ಚರ್ಮ ಹೊಳೆಯುತ್ತಿತ್ತು. "ಅಮ್ಮ ಪಕ್ಕದ ಕೋಣೇಲೇ ಇದ್ರು. ಕೂಗಿದೆ. 'ಇರು, ನಿಮ್ಮಪ್ಪ ಈಗ ಹೇಳ್ತಾರೆ' ಅಂದ್ರು. ನಾನೇ ಬಚ್ಚಲಿಗೆ ಹೋಗಿ ನೀರು ಸುರ್ಕೊಂಡೆ. ಇವತ್ತಿನವರೆಗೂ ನೋಡಿಲ್ಲ ಅವರು, ನಾನೂ ಉದ್ದ ತೋಳಿನದೇ ಹಾಕ್ತಿದೀನಿ." ತೋಳನ್ನು ಮತ್ತೆ ಕೆಳಗೆ ಎಳೆದುಕೊಂಡು ಹೇಳಿದಳು, "ನಾನು ಸತ್ತಿದ್ರೆ ಚೆನ್ನಾಗಿ ಕೇಳ್ತಿದ್ರು ಅನ್ಸುತ್ತೆ ಮಾವ."

ಕೈಯಲ್ಲಿ ತೊಗಲಿನ ಪಟ್ಟಿ ಹಿಡಿದುಕೊಂಡು ಕೂತಿದ್ದೆ. ಮೂರು ಮಾತು. ನನ್ನ ಕಸುಬು ಗೊತ್ತಿರುವವನು "ಅಮ್ಮಾ, ಕೈ" ಎಂಬಲ್ಲಿ ಕಡಿಯುತ್ತಾನೆ. ಅದು ನನಗೆ ತಟ್ಟನೆ ಹೊಳೆಯಿತು, ಯೋಚಿಸುವ ಮೊದಲೇ ಹೊಳೆಯಿತು. ನನ್ನ ಮೇಲೆ ನನಗೆ ಅಸಹ್ಯವಾಯಿತು. ಪಟ್ಟಿಯನ್ನು ಕೆಳಗಿಟ್ಟು, ಕುಡಿಕೆಗೆ ಬರೀ ಎಲೆ ಕಟ್ಟಿ ಅವಳ ಕೈಗೆ ಕೊಟ್ಟೆ. "ಮನೆಗೆ ನಡಿ, ಮಧ್ಯಾಹ್ನ ಬರ್ತೀನಿ," ಎಂದೆ.

ಅಲ್ಲಿಂದ ನೇರ ಇಂದುಧರಯ್ಯನವರ ಮನೆಗೆ ಹೋದೆ. ಅವರು ಹಜಾರದಲ್ಲಿ ಕೂತು ಕಿತ್ತಳೆ ಹಣ್ಣಿನ ನಾರು ಬಿಡಿಸುತ್ತಿದ್ದರು. ರೇವತಿಯ ವಿಷಯ ಹೇಳಿದೆ. ಅವರ ಮುಖ ನಿಜವಾಗಿಯೂ ಸಣ್ಣದಾಯಿತು. "ಪಾಪ, ಮುಲಾಮು ಹಚ್ಚಿದ್ರಾ?" ಎಂದರು.

"ಯಜಮಾನ್ರೇ, ಇದು ನಾವು ಮಾಡಿದ್ದು."

"ನಾವು ಯಾರ ಕೈಯಾದ್ರೂ ಹಿಡಿದು ಎತ್ತಿಸಿದ್ದೀವೇನಯ್ಯ? ಅವರ ಮಡಿಕೆ, ಅವರ ಬೆರಳು. ಬೇಡ ಅಂದ್ರೆ ಬಿಡಬಹುದು."

"ಬಿಡೋಕೆ ಆಗದ ಹಾಗೆ ಎಲ್ಲಿ ಕಡೀಬೇಕು ಅಂತ ಎರಡು ವರ್ಷ ಕೂತು ನೋಡಿದೋನು ನಾನು. ನನ್ನ ಹತ್ರ ಈ ಮಾತು ಹೇಳ್ಬೇಡಿ."

ಅವರು ಕಿತ್ತಳೆಯ ಒಂದು ತೊಳೆ ನನ್ನತ್ತ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. "ಜನಕ್ಕೆ ಸಮಾಧಾನ ಸಿಕ್ತಿದೆ ಸೋಮು. ನಿಮ್ಮಕ್ಕನೇ ನಕ್ಕಿದ್ರು ಅಂದೆ. ನಾವು ನಿಲ್ಲಿಸಿದ್ರೆ ಇನ್ನೊಬ್ಬ ಮಾಡ್ತಾನೆ, ಗೆಜ್ಜೆ ಕೂಡ ಹಾಕದೆ ಮಾಡ್ತಾನೆ."

ಅವರು ಮಾತಾಡುತ್ತಿದ್ದಾಗ ನನ್ನ ಕಣ್ಣು ಅವರ ಹಿಂದಿನ ಗೂಡಿನ ಮೇಲೆ ಬಿತ್ತು. ಅಲ್ಲಿ ಒಂದು ಹಳೆಯ ಮಡಿಕೆ ಇತ್ತು, ಮುಂದೆ ಹೂವು. ಬಾಯಿಗೆ ಹಳೇ ಮೇಣ, ಒಡೆದಿರಲಿಲ್ಲ. ಅವರ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಆ ಮಡಿಕೆ ನನ್ನ ಕೈಗೆ ಸುರಿಯಲು ಬಂದಿರಲೇ ಇಲ್ಲ ಎಂಬುದು ಆಗ ನೆನಪಾಯಿತು.

"ಇದಕ್ಕೆ ಯಾಕೆ ಹಾಕಿಸ್ಲಿಲ್ಲ?" ಎಂದು ಕೇಳಿದೆ.

ಅವರು ತಿರುಗಿ ಗೂಡು ನೋಡಿ, ಯೋಚಿಸದೆ ಹೇಳಿಬಿಟ್ಟರು. "ಅದು ಅಮ್ಮನ ದನಿ ಕಣಯ್ಯ."

ಅವರು ಕಿತ್ತಳೆಯನ್ನು ತಟ್ಟೆಗೆ ಇಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಆಮೇಲೆ ಆ ಕಾರ್ಖಾನೆಗೆ ಹೋಗಿಲ್ಲ.

ಅಕ್ಕನ ಮನೆಗೆ ಹೋದಾಗ ಅವಳು ಮೆಷಿನ್ನಿನ ಮುಂದೆಯೇ ಇದ್ದಳು. ಮೆಷಿನ್ನಿನ ಮೇಲೆ ತೋಳು ಹಚ್ಚದೆ ಅರ್ಧಕ್ಕೆ ಬಿಟ್ಟ ಬ್ಲೌಸುಗಳ ರಾಶಿ, ಅದರ ಪಕ್ಕದಲ್ಲಿ ಮಡಿಕೆ. ಗುಬುಟಿನ ಬಣ್ಣ ಹೋಗಿ ಮಣ್ಣು ಕಾಣುತ್ತಿತ್ತು. ಎತ್ತಿದಳು. ಒಂದು ಉಸಿರು. ಮತ್ತೆ ಎತ್ತಿದಳು. "...ಬಸ್ಸಿಂದ ಇಳಿದ್ಯಲ್ಲ..." ದನಿ ಎಷ್ಟು ತೆಳ್ಳಗಾಗಿತ್ತೆಂದರೆ ಅವಳು ಕಿವಿಯನ್ನು ಮುಚ್ಚಳಕ್ಕೆ ಒತ್ತಿಕೊಳ್ಳಬೇಕಾಗಿತ್ತು. ಎರಡು ವರ್ಷ ಮೇಲೆ ಕೆಳಗೆ ಓಡಾಡಿದ ದನಿ ಸವೆಯದೆ ಇರುತ್ತದೆಯೇ? ಇದನ್ನು ನಾನು ಮೊದಲೇ ಯೋಚಿಸಬೇಕಾಗಿತ್ತು. ಒಂದು ವರ್ಷ ಮನೆಯಲ್ಲಿ ಬಳಸಿ ನೋಡಬೇಕು ಎಂಬುದು ಇಂಥದ್ದಕ್ಕೇ.

"ಬಾರೋ ಸೋಮು. 'ಏನಂದ್ರೆ' ಅಂದ್ಮೇಲೆ ಅವರು ಏನು ಹೇಳಿರ್ತಾರೆ ಅಂತೀಯ?" ಎಂದಳು ಅಕ್ಕ, ದಿನಾ ಕೇಳುವಂತೆ. "ಸೀರೆ ಚೆನ್ನಾಗಿತ್ತು ಅಂತ ಇರ್ಬೇಕು. ಅವತ್ತು ಕೆಂಪಂಚಿನ ಸೀರೆ ಉಟ್ಟಿದ್ದೆ. ಅಥವಾ ನನ್ನ ನೋಡಿ ಭಯ ಆಯ್ತು ಅಂತಲೋ. ಮದುವೆ ಬೇಡ ಅನ್ಸಿತ್ತು ಅಂತ ಏನಾದ್ರೂ..."

"ಅಕ್ಕ, ಕೈ ತೊಳ್ಕೊಂಡು ಬಾ. ರೇವೂನ ಕರಿ. ಮಡಿಕೆ ಬಿಚ್ಚೋಣ."

ಅವಳು ಮಡಿಕೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. "ಬೇಡ. ಮುಗಿದುಹೋಗುತ್ತೆ."

"ಸವೆದುಹೋಗ್ತಿದೆ ಅಕ್ಕ. ಹೀಗೇ ಬಿಟ್ರೆ ಬರೀ ಉಸಿರು ಉಳಿಯುತ್ತೆ."

"ಉಸಿರೇ ಇರ್ಲಿ. ನಿಂಗೇನಾಗಬೇಕು?" ಎಂದು ಜೋರು ಮಾಡಿದಳು. ನಾನು ಚಿಕ್ಕವನಿದ್ದಾಗ ಹೊಡೆಯಲು ಬರುತ್ತಿದ್ದಾಗಿನ ಕಣ್ಣು. ರೇವತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಕಸುಬಿನ ಆಣೆ ಮುರಿದೆ.

"ಸೀರೆ ವಿಷಯ ಅಲ್ಲ. ಭಯದ ವಿಷಯಾನೂ ಅಲ್ಲ. ನಂಗೆ ಗೊತ್ತು, ನಾನು ಕೇಳಿದೀನಿ. ನಾನು ಹೇಳಿದ್ರೆ ಅದು ನನ್ನ ಬಾಯಲ್ಲಿ ಕೇಳಿದ ಹಾಗಾಗುತ್ತೆ. ಭಾವನ ಬಾಯಲ್ಲಿ ಕೇಳು."

ಅಕ್ಕ ಮಡಿಕೆಯನ್ನು ನನ್ನ ಮುಂದೆ ಇಟ್ಟಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದಳು. ರೇವತಿ ಒಲೆ ಆರಿಸಿದಳು. ಮೂವರೂ ಚಾಪೆಯ ಮೇಲೆ ಕೂತೆವು. ನಾನು ಚೂರಿಯಿಂದ ತೊಗಲಿನ ಪಟ್ಟಿಯನ್ನು ಕುಯ್ದು ತೆಗೆದು ಮುಚ್ಚಳ ಎತ್ತಿದೆ.

"ಹೇಮಾ, ಕೇಳಿಸ್ತಿದೆಯಾ" ಎಂಬುದು ಕೇಳಿಸಿತೆಂದರೆ ಕೇಳಿಸಿತು, ಇಲ್ಲವೆಂದರೆ ಇಲ್ಲ. ಅವಳು ಸಾವಿರ ಸಲ ಕೇಳಿದ ಮಾತುಗಳೆಲ್ಲ ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತೆ ಆಗಿದ್ದವು. ಬಸ್ಸು ಬಂತು, ಇಳಿದಳು, ಹೇಳಬೇಕು ಅಂತಿದ್ದೆ, ಏನಂದ್ರೆ. ಅದಾದ ಮೇಲೆ ಯಾರೂ ಇದುವರೆಗೆ ಎತ್ತದ ಮಾತು ಬಂತು. ಹೊಚ್ಚ ಹೊಸದಾಗಿ, ಗಟ್ಟಿಯಾಗಿ, ಭಾವನೇ ಚಾಪೆಯ ಮೇಲೆ ಕೂತು ಆಡಿದಂತೆ ಬಂತು. ಮೂವರೂ ಬೆಚ್ಚಿಬಿದ್ದೆವು.

"ನಿನ್ನ ಕಾಲಲ್ಲಿ ಒಂದು ಚಪ್ಪಲಿ ನಿಂದು, ಇನ್ನೊಂದು ನಿಮ್ಮಮ್ಮಂದು! ಅವಸರದಲ್ಲಿ ಮೆಟ್ಕೊಂಡು ಬಂದಿದ್ಯ ನೀನು. ನಾನು ನಗು ತಡ್ಕೊಳೋಕೆ ಆಗದೆ ಕೊಡೆ ಹಿಂದೆ ಮುಖ ಮುಚ್ಕೊಂಡಿದ್ದೆ ಕಣೆ. ಎಲ್ಲಿ ಬೇಜಾರಾಗ್ತೀಯೋ ಅಂತ ಹೇಳಿರ್ಲಿಲ್ಲ. ಅಷ್ಟೇ. ಆಯ್ತು, ಸಾಕು. ಏಳು ಹೇಮಾ. ಮಡಿಕೆ ತೊಳೆದು ಹೆಪ್ಪು ಹಾಕು. ರೇವು ಕೂಗ್ತಿರ್ತಾಳೆ, ಏನು ಅಂತ ನೋಡು ಹೋಗು."

ಮುಗಿಯಿತು. ಹೊರಗೆ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು.

ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಪಾದಗಳನ್ನು ನೋಡಿಕೊಂಡು ಕೂತಿದ್ದಳು. ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಆಮೇಲೆ ಮುಖ ನನ್ನತ್ತ ತಿರುಗಿತು.

"ಇದು ಮೊದಲಿಂದ ಇತ್ತಾ?"

"ಇತ್ತು."

"ಏಳು ಅಂತ ಹೇಳಿದ್ರಾ ಅವರು?"

"ಹೇಳಿದ್ರು."

"ನೀನು ಕೇಳಿಸ್ಕೊಂಡೇ ಅಲ್ಲಿ ಕಡಿದ್ಯಾ?"

"ಹೂಂ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೇವತಿ ತನ್ನ ಕುಡಿಕೆಯನ್ನು ತಂದು ಚಾಪೆಯ ಮೇಲೆ ಅಮ್ಮನ ಮುಂದೆ ಇಟ್ಟಳು. ಅಕ್ಕ ಅದನ್ನು ಒಂದು ಕ್ಷಣ ನೋಡಿ, ಎಲೆ ಬಿಚ್ಚಿದಳು. "ಅಮ್ಮಾ, ಕೈ ಸುಟ್ಕೊಂಡೆ" ಎಂದಿತು ಕುಡಿಕೆ, ಖಾಲಿಯಾಯಿತು. ಅಕ್ಕ ಮಗಳ ಕೈ ಎಳೆದುಕೊಂಡು ತೋಳು ಸರಿಸಿ, ಆ ಹೊಳೆಯುವ ಗುರುತಿನ ಮೇಲೆ ಬೆರಳಿಟ್ಟಳು.

"ಯಾವಾಗಲೇ?"

"ಯುಗಾದಿ ಹಿಂದಿನ ವಾರ."

"ಉರೀತಿದೆಯಾ?"

"ಈಗಿಲ್ಲಮ್ಮ," ಎಂದಳು ರೇವತಿ. ಅಷ್ಟು ಹೇಳುವುದರಲ್ಲಿ ಚಿಕ್ಕ ಹುಡುಗಿಯಂತೆ ಅಳತೊಡಗಿದಳು. ಅಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಈಗ ಅವಳೂ ಅತ್ತಳು. ನಾನು ಗೋಡೆ ನೋಡುತ್ತಾ ಕೂತಿದ್ದೆ. ಅವಳ ಬೆರಳನ್ನಾಗಲಿ ಮುಖವನ್ನಾಗಲಿ ನೋಡಲು ನನಗೆ ಹಕ್ಕಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಎದ್ದು ಮಡಿಕೆ ತೊಳೆದು ತಂದಳು. ರೇವತಿ ಹಾಲು ಉಗುರುಬೆಚ್ಚಗೆ ಮಾಡಿದಳು. ಮನೆಯಲ್ಲಿ ಹೆಪ್ಪಿಗೂ ಮೊಸರಿರಲಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ಹುಳಿ ಮೊಸರು ತಂದರು. ಹೆಪ್ಪು ಹಾಕಿ, ಮಡಿಕೆಯನ್ನು ಅದೇ ಗೂಡಿನಲ್ಲಿಟ್ಟು, ಅಕ್ಕ ನನ್ನ ಮುಂದೆ ಬಂದು ನಿಂತಳು.

"ಇನ್ನು ಎಷ್ಟು ಮನೆಗೆ ಹಾಕಿದೀಯಾ ಇದನ್ನ?"

"ಊರಿಗೆಲ್ಲ."

"ಎಲ್ಲರದೂ ಕೇಳಿಸ್ಕೊಂಡಿದೀಯಾ? ಕೊನೇವರೆಗೂ?"

"ಹೂಂ."

"ಅವರೆಲ್ಲ ಏನು ಹೇಳಿದಾರೆ ಕೊನೇಲಿ?"

ನಾನು ಯೋಚಿಸಿದೆ. ಒಬ್ಬೊಬ್ಬರದೂ ನೆನಪಿತ್ತು. ಮರಿಸ್ವಾಮಿಯ ಅಪ್ಪ, ಮೇಷ್ಟರ ಹೆಂಡತಿ, ಬಾವಿಕಟ್ಟೆಯ ಹತ್ತಿರದ ಆ ಅವಳಿ ಮಕ್ಕಳ ಅಜ್ಜಿ. ಬೇರೆ ಬೇರೆ ಬಾಯಿ, ಬೇರೆ ಬೇರೆ ಮಾತು. ಕೊನೆಗೆ ಬಂದಾಗ ಮಾತ್ರ ಹೆಚ್ಚು ಕಡಿಮೆ ಎಲ್ಲರೂ ಒಂದೇ ಹೇಳಿದ್ದರು. ಸಾಕು, ಊಟ ಮಾಡು. ಆಯ್ತು, ಅಂಗಡಿ ಬಾಗಿಲು ತೆಗಿ. ಇನ್ನು ಎದ್ದು ಮಕ್ಕಳನ್ನ ನೋಡು. ನಾನು ಕಡಿದದ್ದು ಪ್ರತಿಸಲವೂ ಅದಕ್ಕಿಂತ ಮುಂಚೆ.

ಅಕ್ಕನಿಗೆ ನನ್ನ ಮುಖದಲ್ಲೇ ಉತ್ತರ ಕಂಡಿರಬೇಕು. ಚಾಪೆಯ ಮೇಲೆ ಬಿದ್ದಿದ್ದ ಚೂರಿಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದಳು.

"ಮತ್ತೆ ಇಲ್ಲೇ ಯಾಕೋ ಕೂತಿದೀಯಾ?" ಎಂದಳು. "ಏಳು."